ಶಿಕ್ಷೆಯಾದ ದಿನದ ಸಿಹಿ

ಮೈಸೂರು ಪಾಕನ್ನು ತಟ್ಟೆಗೆ ಸುರಿದ ಮೇಲೆ ಬಿಸಿ ಇರುವಾಗಲೇ ಚಾಕುವಿನಿಂದ ಗೆರೆ ಎಳೆದು, ಆಮೇಲೆ ಅದು ಆರುವವರೆಗೆ ಸುಮ್ಮನೆ ಕೂರಬೇಕು. ಅಷ್ಟು ತಾಳ್ಮೆ ಇಲ್ಲದವರು ಸಿಹಿ ಅಂಗಡಿ ಇಡಬಾರದು. ಮೂಡಿಗೆರೆಗೂ ಕಳಸಕ್ಕೂ ನಡುವಿನ ನಮ್ಮ ಸಣ್ಣ ಪೇಟೆಯಲ್ಲಿ ಹಾಗೆ ಕೂತುಕೊಂಡೇ ನಾನು ಊರಿನ ಸಂತೋಷಗಳನ್ನೆಲ್ಲ ಡಬ್ಬಿಗೆ ತುಂಬಿ ಕೊಟ್ಟಿದ್ದೇನೆ. ಮಗು ಹುಟ್ಟಿದ್ದಕ್ಕೆ, ಮಗಳು ಪಾಸಾದದ್ದಕ್ಕೆ, ಪಂಚಾಯ್ತಿ ಗೆದ್ದದ್ದಕ್ಕೆ, ಕಾಫಿಗೆ ರೇಟು ಬಂದದ್ದಕ್ಕೆ. ಏನು ವಿಶೇಷ ಎಂದು ನಾನಾಗಿ ಕೇಳುವುದಿಲ್ಲ. ಡಬ್ಬಿಗೆ ದಾರ ಸುತ್ತುವಷ್ಟರಲ್ಲಿ ಅವರೇ ಹೇಳಿಬಿಡುತ್ತಾರೆ.

ಅವತ್ತು ಹೇಳುವ ಅಗತ್ಯವೂ ಇರಲಿಲ್ಲ. ಇನ್‌ಸ್ಪೆಕ್ಟರಿಗೆ ಜೀವಾವಧಿ ಶಿಕ್ಷೆಯಾಯಿತೆಂಬ ಸುದ್ದಿ ಮಧ್ಯಾಹ್ನವೇ ಎಲ್ಲರ ಮೊಬೈಲಿಗೆ ಬಂದಿತ್ತು. ಸರ್ಕಲ್ಲಿನಲ್ಲಿ ಪಟಾಕಿ ಹೊಡೆಯುತ್ತಿದ್ದರು, ಜೀಪು ಓಡಿಸುವ ಹುಡುಗರು ಹಾರ್ನ್ ಒತ್ತಿ ಹಿಡಿದುಕೊಂಡೇ ಪೇಟೆಯನ್ನು ಸುತ್ತುತ್ತಿದ್ದರು, ನನ್ನ ಮೈಸೂರು ಪಾಕು ಆರುವವರೆಗೆ ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ.

ಸತ್ತವನು ಪ್ರದೀಪ, ದೇವರಮನೆ ಬೆಟ್ಟದ ದಾರಿಯಲ್ಲಿ ಮನೆ ಇರುವ ಸುಶೀಲಮ್ಮನ ಒಬ್ಬನೇ ಮಗ. ಅವನೂ ಜೀಪು ಓಡಿಸುತ್ತಿದ್ದ. ಕಣದಲ್ಲಿ ಒಣಹಾಕಿದ ಕಾಫಿ ಬೆಳಗಾಗುವುದರೊಳಗೆ ಮಾಯವಾಗುತ್ತಿದ್ದ ಒಂದು ವರ್ಷ, ಕದ್ದ ಮೂಟೆ ಸಾಗಿಸಿದನೆಂಬ ಅನುಮಾನದ ಮೇಲೆ ಅವನನ್ನು ಠಾಣೆಗೆ ಕರೆದುಕೊಂಡು ಹೋದರು. ಮನೆಗೆ ಬಂದದ್ದು ಹೆಣ. ಹೊಡೆದು ಕೊಂದವನು ಇನ್‌ಸ್ಪೆಕ್ಟರೇ ಎಂದು ಕೋರ್ಟು ಹೇಳುವಷ್ಟರಲ್ಲಿ ಸುಶೀಲಮ್ಮನ ತಲೆ ಪೂರ್ತಿ ನೆರೆತಿತ್ತು. ಕೇಸು ಕೋರ್ಟಿಗೆ ಹೋಗುವ ಮುಂಚೆ, ಕಳ್ಳತನ ನಿಲ್ಲಿಸಿದ ದಕ್ಷ ಅಧಿಕಾರಿ ಎಂದು ನಮ್ಮ ಬೆಳೆಗಾರರು ಅದೇ ಇನ್‌ಸ್ಪೆಕ್ಟರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಆ ಸಮಾರಂಭಕ್ಕೂ ಸಿಹಿ ಹೋದದ್ದು ನನ್ನ ಅಂಗಡಿಯಿಂದಲೇ. ಅಂದು ಶಾಲು ಹೊದಿಸಿದ ನಾಗೇಶಣ್ಣ ಈಗ ಎಲ್ಲರಿಗಿಂತ ದೊಡ್ಡ ಡಬ್ಬಿ ಕಟ್ಟಿಸಿಕೊಂಡರು.

"ಗಲ್ಲಿಗೇ ಹಾಕ್ಬೇಕಿತ್ತು ಮಾರಾಯ, ಇದು ಕಮ್ಮಿಯಾಯ್ತು" ಎಂದರು. ನಾನು ದಾರ ಸುತ್ತಿ ಕೊಟ್ಟೆ. ಡಬ್ಬಿಗಳೆಲ್ಲ ಮೆರವಣಿಗೆಯಲ್ಲಿ ಸುಶೀಲಮ್ಮನ ಮನೆಗೆ ಹೋದವು.

ಶಿಕ್ಷೆ ತಪ್ಪೆಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಖಾಕಿ ತೊಟ್ಟವನೂ ಕಟಕಟೆಯಲ್ಲಿ ನಿಂತು ಉತ್ತರ ಕೊಡಬೇಕಾಯಿತಲ್ಲ ಎಂದು ನನ್ನ ಎದೆಯೂ ಹಗುರಾಯಿತು. ಆದರೆ ಹಗುರಾದ ಎದೆಗೂ ಪಟಾಕಿಗೂ ಏನು ಸಂಬಂಧ, ನೀವೇ ಹೇಳಿ. ನಮ್ಮ ಜನಕ್ಕೆ ನ್ಯಾಯವೂ ಕ್ರಿಕೆಟ್ ಮ್ಯಾಚಿನ ಹಾಗೆ. ಒಬ್ಬರು ಸೋತರೆಂದರೆ ಇನ್ನೊಬ್ಬರು ಗೆದ್ದಿರಲೇಬೇಕು, ಗೆದ್ದವರು ಬಾಯಿ ಸಿಹಿ ಮಾಡಿಕೊಳ್ಳಲೇಬೇಕು. ಗೆದ್ದವರು ಯಾರು ಎಂದು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಮುಸ್ಸಂಜೆಗೆ ಸುಶೀಲಮ್ಮ ಅಂಗಡಿಗೆ ಬಂದರು, ಎರಡು ಕೈಯಲ್ಲೂ ಚೀಲ. ಚೀಲದ ತುಂಬ ನನ್ನವೇ ಡಬ್ಬಿಗಳು.

"ಇದ್ನೆಲ್ಲ ಇಟ್ಕೊಳ್ಳಿ ಅಣ್ಣ. ದುಡ್ಡೇನೂ ಬೇಡ. ಮನೇಲಿಟ್ರೆ ಇರುವೆ ಬರ್ತದೆ."

ಸಂತೆಯ ದಿನ ಬಂದಾಗಲೆಲ್ಲ ಅವರು ಕೊಳ್ಳುತ್ತಿದ್ದದ್ದು ಒಂದು ಪೊಟ್ಟಣ ಖಾರ ಮಾತ್ರ. ಆದ್ದರಿಂದ ನಾನು, "ಸಕ್ಕರೆ ಕಾಯ್ಲೆ ಇದ್ರೂ ಒಂದು ಚೂರು ತಿನ್ಬಹುದು ಸುಶೀಲಮ್ಮ, ಇವತ್ತೊಂದಿನ" ಎಂದೆ.

"ನಂಗ್ಯಾವ ಸಕ್ಕರೆ ಕಾಯ್ಲೆ?" ಎಂದು ಅವರು ಬೆಂಚಿನ ಮೇಲೆ ಕೂತರು. "ಅವನ ಕಾರ್ಯದಲ್ಲಿ ಸಿಹಿಯೂಟ ಹಾಕ್ಲಿಲ್ಲ ನಾನು. ಕೊಂದವನಿಗೆ ಶಿಕ್ಷೆ ಆಗೋವರೆಗೆ ಬಾಯಿಗೆ ಸಿಹಿ ಇಡೋದಿಲ್ಲ ಅಂತ ಇದ್ದೆ."

ಸಾವಿನ ಮನೆಯಲ್ಲಿ ಕಾರ್ಯದ ದಿನ ನೆಂಟರಿಷ್ಟರಿಗೆ ಸಿಹಿಯೂಟ ಬಡಿಸಿ, ಮನೆಯವರೂ ತಿಂದ ಮೇಲೆಯೇ ಅಲ್ಲವೇ ಹೋದವರನ್ನು ಕಳಿಸಿಕೊಟ್ಟಂತೆ. ಇದು ಗೊತ್ತಿಲ್ಲದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಆದರೂ ಇಡೀ ಪೇಟೆ, ಇನ್ನೂ ಸೂತಕ ಕಳೆಯದ ಮನೆಗೆ ಪಟಾಕಿ ಹೊಡೆದುಕೊಂಡು ಹೋಗಿ, ಆ ತಾಯಿಯ ಬಾಯಿಗೆ ಮೈಸೂರು ಪಾಕು ತುರುಕಲು ಹೋಗಿತ್ತು. ನನಗೆ ನಾಚಿಕೆಯಾಯಿತು.

"ಇನ್ನೇನು, ಶಿಕ್ಷೆ ಆಯ್ತಲ್ಲ" ಎಂದೆ ಮೆಲ್ಲಗೆ.

"ಮೇಲಿನ ಕೋರ್ಟಿಗೆ ಹೋಗ್ತಾರಂತೆ. ಅಲ್ಲಿ ಬಿಟ್ಬಿಟ್ರೆ? ತಿಂದಿದ್ದನ್ನ ವಾಪಸ್ ತೆಗೀಲಿಕ್ಕಾಗ್ತದಾ?" ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. "ತಿನ್ನದೇ ಇದ್ರೆ ನನ್ನ ಮಗ ಅಲ್ಲೇ ಇರ್ತಾನೆ ಅಣ್ಣ, ಆ ಲಾಕಪ್ಪಲ್ಲೇ. ಒಬ್ಬನೇ."

ಇದಕ್ಕೆ ಯಾವ ನ್ಯಾಯಾಧೀಶರು ಉತ್ತರ ಕೊಟ್ಟಾರು? ಅಪರಾಧಿಗೆ ಎಷ್ಟು ವರ್ಷ ಎಂದು ಕಾನೂನು ಹೇಳುತ್ತದೆ. ಮಗನನ್ನು ಎಂದು ಬಿಟ್ಟುಕೊಡಬೇಕೆಂದು ತಾಯಿಗೆ ಹೇಳುವ ಕಾನೂನು ಇಲ್ಲ. ಅದನ್ನು ಸುಶೀಲಮ್ಮ ತಾವೇ ತೀರ್ಮಾನಿಸಬೇಕಿತ್ತು. ಬೆಂಚಿನಿಂದ ಏಳುವಾಗ, "ಸೋಮವಾರಕ್ಕೆ ಲಾಡು ಮಾಡ್ಕೊಡಿ" ಎಂದರು.

ಸೋಮವಾರ ಸಿಹಿಯೂಟ ಬಡಿಸಲು ನಾನೇ ಹೋದೆ. ಮೆರವಣಿಗೆಯಲ್ಲಿ ಬಂದಿದ್ದವರಲ್ಲಿ ಕೆಲವರಷ್ಟೇ ಬಂದಿದ್ದರು. ನಾಗೇಶಣ್ಣ ಪಂಕ್ತಿಯ ಕೊನೆಯಲ್ಲಿ ಕೂತು, ತಲೆಯೆತ್ತದೆ ಉಂಡು ಎದ್ದುಹೋದರು. ಶಿಕ್ಷೆಯ ಮಾತನ್ನು ಯಾರೂ ಎತ್ತಲಿಲ್ಲ.

ಎಲ್ಲರದೂ ಆದ ಮೇಲೆ ಸುಶೀಲಮ್ಮ ಎಲೆಯ ಮುಂದೆ ಕೂತರು. ಲಾಡು ಬಡಿಸಿದೆ. ಅದನ್ನು ಮುರಿದು ಕೈಯಲ್ಲೇ ಹಿಡಿದುಕೊಂಡು ಬಾಗಿಲ ಕಡೆ ನೋಡಿದರು. ಆ ಮನೆಯಿಂದ ಹೊರಟವರಿಗೆಲ್ಲ ಅವತ್ತು ಅವರು ಹೋಗಿ ಬನ್ನಿ, ಹೋಗಿ ಬನ್ನಿ ಎಂದು ಹೇಳಿ ಕಳಿಸಿದ್ದರು.

"ಹೋಗು ಮಗ" ಎಂದರು. ಆಮೇಲೆ ತಿಂದರು.