ಗೂಡಿಗೆ ಬಾರದ ಬೋಳಗುತ್ತಿಗೆಯ ಕೋಳಿ

ಮದುವೆಯಾದ ಎರಡನೇ ವರ್ಷ ನಮ್ಮತ್ತೆ ನನ್ನ ಕೈಗೆ ಕೋಳಿಗೂಡಿನ ಬಾಗಿಲು ಒಪ್ಪಿಸಿದರು. ತಿಜೋರಿಯ ಕೀಲಿಕೈ ಕೊಟ್ಟಿದ್ದರೂ ಅಷ್ಟು ಎಚ್ಚರಿಕೆ ಹೇಳುತ್ತಿರಲಿಲ್ಲವೇನೋ.

"ದಿನಾ ಸಂಜಿಗೆ ಗೂಡ ಮುಚ್ಚೂದು ಇನ್ನ ನಿನ್ನ ಕೆಲಸ. ಒಂದ ಕೋಳಿ ಕಡಿಮಿ ಆದ್ರೂ ಪಂಚಮಿಗೆ ತವರಮನಿ ಕಡೆ ಮುಖ ಮಾಡಬ್ಯಾಡ," ಎಂದರು.

ನನ್ನ ತವರು ರಾಮದುರ್ಗ. ಪಂಚಮಿ ಬಂತೆಂದರೆ ಅಲ್ಲಿ ಹಿತ್ತಲ ಬೇವಿನ ಮರಕ್ಕೆ ಜೋಕಾಲಿ, ಮನೆಯಲ್ಲಿ ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು. ಎಂಟು ದಿನ ಯಾರೂ ನನ್ನನ್ನು ಏಳು ಎನ್ನುವಂತಿಲ್ಲ, ಕೂರು ಎನ್ನುವಂತಿಲ್ಲ. ಅದಕ್ಕಾಗಿ ವರ್ಷವಿಡೀ ಕಾದಿದ್ದೆ.

ನಮ್ಮ ಮನೆ ಬೈಲಹೊಂಗಲದ ಕಡೆ, ದೇಗಾಂವದ ಹತ್ತಿರದ ಒಂದು ಹಳ್ಳಿಯಲ್ಲಿ. ಹಿತ್ತಲ ಗೋಡೆಗೆ ಹೊಂದಿಸಿ ಕಲ್ಲು ಮಣ್ಣಿನಲ್ಲಿ ಕಟ್ಟಿದ ಗೂಡು. ಎಣ್ಣೆ ಡಬ್ಬಿ ಬಿಡಿಸಿ ಮಾಡಿದ ತಗಡೇ ಬಾಗಿಲು, ಅದಕ್ಕೆ ಒತ್ತಾಗಿ ಒಂದು ಒಡೆದ ಬೀಸುಕಲ್ಲು. ಎರಡು ಬೆರಳು ಸಂದು ಬಿಟ್ಟರೂ ಮುಂಗುಸಿ ನುಗ್ಗುತ್ತಿತ್ತು. ಕೆಲಸ ಇಷ್ಟೇ. ಆದರೆ ಅತ್ತೆಯದೊಂದು ಕಾನೂನಿತ್ತು: ಕೋಳಿಗಳನ್ನು ಎಣಿಸಬಾರದು. ಎಣಿಸಿದರೆ ದೃಷ್ಟಿ ತಾಗಿ ಕಡಿಮೆಯಾಗುತ್ತವಂತೆ. ಹಾಗಾಗಿ ಅವರು ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ಗುರುತಿನಿಂದ ಕರೆದು ಒಳಗೆ ಬಿಡುತ್ತಿದ್ದರು. "ಕರೇದು ಬಂತು, ಕೆಂಪಂದು ಬಂತು, ಕುಂಟೂದು ಬಂತು, ಬೋಳಗುತಗಿದು ಬಂತು..." ಬೋಳಗುತ್ತಿಗೆಯದು ಎಂದರೆ ಕುತ್ತಿಗೆಗೆ ಪುಕ್ಕವೇ ಇಲ್ಲದ್ದು. ಹುಂಜ ಎಲ್ಲರಿಗಿಂತ ಕೊನೆಗೆ, ನಮ್ಮ ಮಾವನವರ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತ ಬರುತ್ತಿತ್ತು.

ಪಂಚಮಿಗೆ ಮೂರು ವಾರವಿದ್ದಾಗ ಒಂದು ಸಂಜೆ ತುಂತುರು ಹನಿಯುತ್ತಿತ್ತು. ಟಿವಿಯಲ್ಲಿ ಧಾರಾವಾಹಿ ಶುರುವಾಗುವ ಹೊತ್ತು. ಯಾರು ಕೂತು ಕರೆಯಬೇಕು? ತಗಡು ಮುಚ್ಚಿ, ಕಲ್ಲು ದೂಡಿ, ಒಳಗೆ ಓಡಿದೆ. ಪಕ್ಕದ ಮನೆಯಿಂದ ಬಂದ ಅತ್ತೆ ಕಾಲು ತೊಳೆಯುತ್ತ ಕೇಳಿದರು, "ಎಲ್ಲಾ ಬಂದಾವೇನ?"

"ಎಲ್ಲಾ ಬಂದಾವ್ರಿ ಅತ್ತಿ."

ಬೆಳಿಗ್ಗೆ ಬಾಗಿಲು ತೆಗೆದರೆ ಎಲ್ಲವೂ ಹೊರಬಿದ್ದವು, ಬೋಳಗುತ್ತಿಗೆಯದು ಮಾತ್ರ ಇಲ್ಲ. ತಿಪ್ಪೆ, ಬೇಲಿ, ಜೋಳದ ಕಣಕಿಯ ಬಣವೆಯ ಸಂದು, ಎಲ್ಲ ಹುಡುಕಿದೆ. ಮುಂಗುಸಿಯ ಪಾಲಾಯಿತೆಂದು ತೀರ್ಮಾನಿಸಿದೆ. ಪಾಪ ಅನ್ನಿಸಿತು. ಈಗ ಮುಚ್ಚಿಡುವುದೇನು, ಕೋಳಿಗಿಂತ ನನ್ನ ಜೋಕಾಲಿಯ ಬಗ್ಗೆಯೇ ಹೆಚ್ಚು ಸಂಕಟವಾಯಿತು.

ಅಂದಿನಿಂದ ನಾನು ಅತ್ತೆಗಿಂತ ಮೊದಲು ಎದ್ದು ಗೂಡು ತೆಗೆಯತೊಡಗಿದೆ. ಒಮ್ಮೆ ಚದುರಿದ ಮೇಲೆ ಯಾವುದು ಇದೆ, ಯಾವುದು ಇಲ್ಲ ಎಂದು ಯಾರು ನೋಡುತ್ತಾರೆ? ಸೊಸೆ ಎಷ್ಟು ಚುರುಕಾದಳು ಎಂದು ಮಾವ ಹೊಗಳಿದರು. ಅತ್ತೆ ಮಾತ್ರ ದಿನಾ ಸಂಜೆ ಏನಾದರೊಂದು ಕೇಳುತ್ತಿದ್ದರು.

"ಬೋಳಗುತಗಿದು ಯಾಕೋ ಮಂಕಾಗಿತ್ತಲ್ಲ, ಕಾಳ ತಿಂತೇನ?"

"ಎಲ್ಲಾದರಕಿಂತ ಹೆಚ್ಚ ತಿಂತ್ರಿ."

"ಮೈಮ್ಯಾಲ ಬರತಿತ್ತು ಮೊದಲ. ಈಗ ಹೆಂಗೈತಿ?"

"ಈಗೂ ಬರತೈತ್ರಿ. ನೋಡ್ರಿ, ಕುಟುಕೇತಿ," ಎಂದು ಜಾಲಿ ಮುಳ್ಳು ತರಚಿದ ಕೈ ತೋರಿಸಿದೆ. ಅತ್ತೆ "ಅಯ್ಯ ನನ ಮಗಳ" ಎನ್ನುತ್ತ ಅರಿಷಿಣ ತಂದು ಹಚ್ಚಿದರು. ಆ ರಾತ್ರಿ ಮಲಗುವಾಗ ನಿಜ ಹೇಳಿಬಿಡಲೇ ಎಂದುಕೊಂಡೆ. ಆದರೂ ಬೆಳಿಗ್ಗೆ ಬೇಗ ಎದ್ದೆ.

ಕೊನೆಗೆ ಒಂದು ಉಪಾಯ ಹೊಳೆಯಿತು. ನಮ್ಮಣ್ಣನಿಗೆ ಕಾರ್ಡು ಬರೆದೆ: ಪಂಚಮಿಗೆ ಕರೆಯಲು ಬರುವಾಗ ಕುತ್ತಿಗೆಗೆ ಪುಕ್ಕವಿಲ್ಲದ ಒಂದು ಕೋಳಿ ತಾ, ಯಾಕೆಂದು ಕೇಳಬೇಡ. ಅವನು ಕೇಳಲಿಲ್ಲ. ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ಚೀಲದಿಂದ ಬೋಳು ಕುತ್ತಿಗೆಯೊಂದು ಹೊರಗೆ ಇಣುಕುತ್ತಿರುವಂತೆಯೇ ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತ. ನಮ್ಮದು ಬೂದು ಬಣ್ಣದ್ದು, ಇದು ಕಪ್ಪಗೆ ಹೊಳೆಯುತ್ತಿತ್ತು. ಬೂದಿ ಎರಚಿದರೆ ಆದೀತೆಂದು ಒಲೆಯ ಕಡೆ ನೋಡುತ್ತಿದ್ದೆ. ಅಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯ ಆಯಿ ಕೂಗಿದರು.

"ತಂಗಿ, ನಿಮ್ಮ ಬೋಳಗುತಗಿದು ಮರಿ ಮಾಡೇತಿ, ಬಂದು ತಗೊಂಡು ಹೋಗು. ನನಗ ಪೂಜಿಗೆ ಹೊತ್ತಾತು."

ಆಯಿ ಅಂದರೆ ಎರಡು ಹೊತ್ತು ಲಿಂಗಪೂಜೆ ತಪ್ಪಿಸದವರು. ನಮ್ಮ ಮನೆಯಲ್ಲಿ ತತ್ತಿ ಕುದಿಯುತ್ತಿದ್ದರೆ ಮೂಗಿಗೆ ಸೆರಗು ಹಿಡಿದು ದಾಟುವವರು. ಅವರ ದನದ ಮನೆಗೆ ಹೋದರೆ, ಮೂಲೆಯ ಗೋದಲಿಯಲ್ಲಿ ದೊಡ್ಡ ಹೆಡಗೆ ಬುಟ್ಟಿ ಡಬ್ಬು ಹಾಕಿ ಮೇಲೊಂದು ಕಲ್ಲು ಇಟ್ಟಿದ್ದರು. ಒಳಗೆ ನಮ್ಮ ಕೋಳಿ, ಸುತ್ತ ಹತ್ತಿಯ ಉಂಡೆಯಂಥ ಮರಿಗಳು.

"ಕದ್ದ ಬಂದು ಇಲ್ಲೇ ಅವನ್ನ ಇಟ್ಟಿತ್ತು," ಎಂದರು ಆಯಿ. ತತ್ತಿ ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ. "ಕಾವಿಗೆ ಕುಂತ ದಿನಾನ ನಿಮ್ಮತ್ತಿಗೆ ಹೇಳಿದೆ. ಎಬ್ಬಿಸಿದ್ರ ಕೆಡತಾವು, ಅಲ್ಲೇ ಇರ್ಲಿ ಅಂದ್ಲು. ದಿನಾ ಸಂಜಿಗೆ ನಾನ ಬುಟ್ಟಿ ಮುಚ್ಚೇನಿ. ಶಿವಗ ಏನ ಹೇಳಲೆವಾ ಇನ್ನ!"

ಕಾವಿಗೆ ಕುಂತ ದಿನ! ಅಂದರೆ ಅತ್ತೆ ಪಕ್ಕದ ಮನೆಯಿಂದ ಬಂದು ಕಾಲು ತೊಳೆಯುತ್ತಿದ್ದ ಆ ಸಂಜೆಯೇ. ಮೊದಲ ಸುಳ್ಳಿನಿಂದಲೂ ಅವರಿಗೆ ಎಲ್ಲ ಗೊತ್ತಿತ್ತು.

ಮರಿಗಳ ಬುಟ್ಟಿ ಹೊತ್ತು ಹಿಂತಿರುಗಿದೆ. ಅತ್ತೆ ಅಣ್ಣನಿಗೆ ಚಹಾ ಕೊಟ್ಟು, ಅವನ ಚೀಲದೊಳಗಿನ ಕೋಳಿಗೆ ಜೋಳ ಹಾಕುತ್ತ ಕೂತಿದ್ದರು. ನನಗೆ ಅಳುವೇ ಬಂತು. "ಪಂಚಮಿಗೆ ಹೋಗೂದಿಲ್ರಿ ಅತ್ತಿ," ಎಂದೆ.

"ಮುಳ್ಳ ತರಚಿದ್ದಕ್ಕ ನನ್ನ ಅರಿಷಿಣ ಖಾಲಿ ಮಾಡಿಸಿದಿ," ಎಂದು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೋಗವಾ, ಹೋಗಿ ಬಾ. ನೀ ಬರೂ ತನಕ ಸಂಜಿಗೆ ನನಗ ಯಾರ ಸುಳ್ಳ ಹೇಳ್ತಾರ ಅನ್ನೂದ ಚಿಂತಿ."

ರಾಮದುರ್ಗದಲ್ಲಿ ಜೋಕಾಲಿ ಆಡಿದೆ, ಉಂಡೆ ತಿಂದೆ. ಆದರೆ ಸಂಜೆಯಾದರೆ ಕೈ ಸುಮ್ಮನಿರುತ್ತಿರಲಿಲ್ಲ. ಎಂಟು ದಿನಕ್ಕೆಂದು ಹೋದವಳು ಐದನೆಯ ದಿನವೇ ಬೈಲಹೊಂಗಲದ ಬಸ್ಸು ಹತ್ತಿದೆ.

ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅತ್ತೆ ಹಿತ್ತಲಲ್ಲಿ ತಗಡು ಕೈಯಲ್ಲಿ ಹಿಡಿದು ಗೂಡಿನ ಮುಂದೆ ಕೂತಿದ್ದರು. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಈಗ ಎಲ್ಲಾ ಬಂದ್ವು," ಎಂದು ಬಾಗಿಲು ಮುಚ್ಚಿದರು.