ಒಳಗಿನಿಂದ ಎಣಿಸುವ ಪೂವಾತ್ತಾಳ್

ಬೆಳಿಗ್ಗೆ ಆರು ಗಂಟೆಗೆ ಇನ್ನೂ ಹತ್ತು ನಿಮಿಷ. ಕೊಯಮತ್ತೂರಿನ ಆವಾರಂಪಾಳ್ಯದ ಮೂರನೇ ಓಣಿಗೆ ಸಿರುವಾಣಿ ಅಣೆಕಟ್ಟಿನ ನೀರು ಬಂದಿದೆ. ನಲ್ಲಿಯ ಮುಂದಿನ ಸಾಲಿನಲ್ಲಿ ಪೂವಾತ್ತಾಳ್ ಅವರ ಎರಡು ಕೊಡಗಳಿವೆ, ಅವರಿಲ್ಲ. ಅವರು ತಮ್ಮ ಮನೆಯ ಹೊಸ್ತಿಲ ಮೇಲೆ, ಬೆಳಕು ಬರುವ ದಿಕ್ಕಿಗೆ ಮುಖ ಮಾಡಿ ಕೂತಿದ್ದಾರೆ. ಎಡಗೈಯ ಎರಡು ಬೆರಳ ನಡುವೆ ಉಂಗುರದಷ್ಟು ದೊಡ್ಡ ಒಂದು ಕಪ್ಪು ಬಿಲ್ಲೆ, ನಡುವೆ ತೂತು. ಬಲಗೈಯಲ್ಲಿ ತಾಮ್ರದ ತಂತಿ. ತಂತಿ ತೂತಿನೊಳಗೆ ಹೋಗುತ್ತದೆ, ಹೊರಗೆ ಸುತ್ತಿ ಬರುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಮೊಣಕಾಲ ಮೇಲೆ ಒಂದು ಪುಸ್ತಕ ತೆರೆದಿದೆ. ಬೆರಳು ಸುತ್ತುಗಳನ್ನು ಎಣಿಸುತ್ತಿದೆ, ಬಾಯಿ ಪುಸ್ತಕವನ್ನು ಒಪ್ಪಿಸುತ್ತಿದೆ.

"ಏ ಪೂವು, ಕೊಡ ತುಂಬ್ತು. ನಿನ್ನ ಮಂತ್ರ ಮುಗೀತಾ?" ನಲ್ಲಿಯ ಹತ್ತಿರದಿಂದ ಮಯಿಲಾತ್ತಾ ಕೂಗುತ್ತಾರೆ. ಎದುರು ಮನೆಯ ಮುದುಕಿ ಅವರು.

"ಮಂತ್ರ ಅಲ್ಲ ಆತ್ತಾ. ಅಕ್ಷರ."

"ಹಾಗಾದ್ರೆ ನನ್ನ ಹೆಸರು ಹೇಳು ನೋಡೋಣ, ನಿನ್ನ ರೇಡಿಯೋ ಭಾಷೇಲಿ."

ಪೂವಾತ್ತಾಳ್ ತಲೆ ಎತ್ತುವುದಿಲ್ಲ. "ಮೈಕ್, ಆಲ್ಫಾ, ಯಾಂಕಿ, ಇಂಡಿಯಾ, ಲಿಮಾ. ಅಕ್ಷರಕ್ಕೊಂದು ಪದ. ಬರೀ ಮಯಿಲ್ ಅನ್ನೋಕೇ ಇಷ್ಟು."

"ಅಷ್ಟುದ್ದನಾ? ನನ್ನ ಗಂಡ 'ಏಯ್' ಅಂತಿದ್ದ, ಅಷ್ಟಕ್ಕೇ ಓಡಿ ಹೋಗ್ತಿದ್ದೆ."

ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ. ಪೂವಾತ್ತಾಳರೂ ನಗುತ್ತಾರೆ. ಕೈ ನಿಲ್ಲುವುದಿಲ್ಲ.

ಅವರಿಗೆ ಈಗ ನಲವತ್ತೇಳು. ಹದಿಮೂರನೇ ವಯಸ್ಸಿನಿಂದ ಮೋಟಾರ್ ರಿವೈಂಡಿಂಗ್ ಕೆಲಸ. ಎಂಟನೇ ಕ್ಲಾಸಿನ ಪರೀಕ್ಷೆ ಬರೆದ ಮಾರನೇ ದಿನ ಅಪ್ಪ ಕರೆದುಕೊಂಡು ಹೋಗಿ ವರ್ಕ್‌ಶಾಪಿನಲ್ಲಿ ಕೂರಿಸಿದರು. ಕೊಯಮತ್ತೂರಿನಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಬರವಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರೂವರೆಯವರೆಗೆ ಅವರು ದಿನಕ್ಕೆ ಎರಡು, ಕೆಲವೊಮ್ಮೆ ಮೂರು ಪಂಪ್ ಮೋಟಾರುಗಳ ಸುಟ್ಟ ತಂತಿ ಬಿಚ್ಚಿ ಹೊಸದು ಸುತ್ತುತ್ತಾರೆ. ವಾರ್ನಿಷ್ ಹೊಗೆಗೆ ಕಣ್ಣು ಸದಾ ಕೆಂಪು. ಬಲಗೈ ಹೆಬ್ಬೆರಳಿನ ಗೆರೆ ಅಳಿಸಿಹೋಗಿದೆ. ರೇಷನ್ ಅಂಗಡಿಯ ಯಂತ್ರ ಆ ಬೆರಳನ್ನು ಒಪ್ಪುವುದಿಲ್ಲ, ಬೇರೆ ಬೆರಳು ಕೊಡಬೇಕು.

ರೇಡಿಯೋ ಅವರ ಹೊಸ್ತಿಲಿಗೆ ಬಂದದ್ದು ಇಪ್ಪತ್ತೆರಡು ವರ್ಷದ ಹಿಂದೆ. ಟೆಲಿಗ್ರಾಫ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮರುದಾಚಲಂ ಎಂಬವರು ಸುಟ್ಟುಹೋದ ಒಂದು ಸಣ್ಣ ಕಾಯಿಲ್, ಅಂದರೆ ತಂತಿ ಸುತ್ತಿದ ಬಿಲ್ಲೆ, ಹಿಡಿದುಕೊಂಡು ವರ್ಕ್‌ಶಾಪಿಗೆ ಬಂದಿದ್ದರು. ಅವರು ಹ್ಯಾಮ್. ಅಂದರೆ ಸರ್ಕಾರದ ಪರವಾನಗಿ ಪಡೆದು, ಮನೆಯಲ್ಲೇ ರೇಡಿಯೋ ಸೆಟ್ಟು ಕಟ್ಟಿಕೊಂಡು, ಊರೂರಿನವರ ಜೊತೆ ಗಾಳಿಯಲ್ಲಿ ಮಾತಾಡುವ ಹವ್ಯಾಸಿಗಳಲ್ಲಿ ಒಬ್ಬರು. ಗಂಡಸರು ಯಾರೂ ಅಷ್ಟು ಸಣ್ಣದನ್ನು ಮುಟ್ಟಲು ಒಪ್ಪಲಿಲ್ಲ. ಪೂವಾತ್ತಾಳ್ ಊಟದ ಬಿಡುವಿನಲ್ಲಿ ಸುತ್ತಿ ಕೊಟ್ಟರು. ಆ ಸೆಟ್ಟು ಇವತ್ತಿಗೂ ನಡೆಯುತ್ತಿದೆ.

ಅಲ್ಲಿಂದ ಬಾಯಿಂದ ಬಾಯಿಗೆ ಹೋಯಿತು. ಗುವಾಹಟಿಯಿಂದ, ಭೋಪಾಲದಿಂದ, ಕೊಲ್ಲಂನಿಂದ ಅಂಚೆಯಲ್ಲಿ ಬಿಲ್ಲೆಗಳು ಬರುತ್ತವೆ, ಕಾಯಿಲುಗಳಾಗಿ ಹೋಗುತ್ತವೆ. ಬೆಳಿಗ್ಗೆ ವರ್ಕ್‌ಶಾಪಿಗೆ ಹೋಗುವ ಮುನ್ನ ಇಪ್ಪತ್ತು, ಭಾನುವಾರ ಅರವತ್ತು. ಲೆಕ್ಕ ಹಾಕಿದರೆ ಲಕ್ಷ ದಾಟಿದೆ. ಈ ದೇಶದ ಗಾಳಿಯಲ್ಲಿ ಹಾರುವ ಎಷ್ಟೋ ಮಾತುಗಳು ಈ ಹೆಂಗಸಿನ ಬೆರಳ ಸಂದಿಯಿಂದ ಹಾದು ಹೋಗಿವೆ.

ಆದರೆ ಅವರು ಸುತ್ತಿದ ಒಂದೇ ಒಂದು ಕಾಯಿಲನ್ನೂ ಅವರು ಪರೀಕ್ಷಿಸಿ ನೋಡುವಂತಿಲ್ಲ. ಸೆಟ್ಟಿಗೆ ಹಾಕಿ ಗುಂಡಿ ಒತ್ತಿದರೆ ಅದು ಪ್ರಸಾರ. ಪರವಾನಗಿ ಇಲ್ಲದವರು ಪ್ರಸಾರ ಮಾಡಿದರೆ ಅಪರಾಧ. ಕಾಯಿಲು ಸರಿ ಇದೆಯೇ ಎಂದು ತಿಳಿಯಬೇಕಾದರೆ ಪರವಾನಗಿ ಇರುವ ಯಾರಾದರೂ ಬಿಡುವು ಮಾಡಿಕೊಂಡು ಬಂದು ಗುಂಡಿ ಒತ್ತಬೇಕು. ಅವರು ತಲೆಯಾಡಿಸಿದರೆ ಸರಿ ಇದೆ ಎಂದರ್ಥ.

"ಅಡುಗೆ ನೀನೇ ಮಾಡು, ಉಪ್ಪು ಮಾತ್ರ ನೋಡಬೇಡ ಅಂದ ಹಾಗೆ," ಎನ್ನುತ್ತಾರೆ ಪೂವಾತ್ತಾಳ್. "ಇಪ್ಪತ್ತು ವರ್ಷ ಅದೂ ನಡೀತು. ನಂಬಿಕೆ ಇತ್ತಲ್ಲ."

ನಂಬಿಕೆ ಮುರಿದದ್ದು ಹನ್ನೆರಡು ಸೆಟ್ಟುಗಳಿಂದ. ಬೆಟ್ಟದ ಮೇಲಿನ ಟೀ ಎಸ್ಟೇಟುಗಳಿಗೆ ಮಳೆಗಾಲದಲ್ಲಿ ಫೋನು ಸಿಗುವುದಿಲ್ಲವೆಂದು ನಗರದ ಒಂದು ಹ್ಯಾಮ್ ಕ್ಲಬ್ಬು ತುರ್ತು ಸೆಟ್ಟುಗಳನ್ನು ಕಟ್ಟಿತು. ಕಾಯಿಲುಗಳು ಪೂವಾತ್ತಾಳರವು. ನಕ್ಷೆಯಲ್ಲಿದ್ದಂತೆ ಒಂದೊಂದಕ್ಕೂ ಮೂರು ಸುತ್ತು. ಉದ್ಘಾಟನೆಯ ದಿನ ಪ್ರತಿ ಸೆಟ್ಟಿನಲ್ಲಿಯೂ ಒಂದು ನಿಮಿಷ ಮಾತಾಡಿ ಎಲ್ಲರೂ ಚಪ್ಪಾಳೆ ತಟ್ಟಿದರು. ಪೂವಾತ್ತಾಳರಿಗೆ ಆಹ್ವಾನ ಇರಲಿಲ್ಲ.

ಎರಡು ವರ್ಷದ ಹಿಂದೆ ಐಪ್ಪಸಿ ತಿಂಗಳ ಮಳೆಯಲ್ಲಿ ಎಸ್ಟೇಟಿನ ದಾರಿಯ ಮೇಲೆ ಗುಡ್ಡ ಜಾರಿತು. ಸೆಟ್ಟುಗಳನ್ನು ಕಟ್ಟಿದ್ದೇ ಅಂಥ ದಿನಕ್ಕೆ. ಮೊದಲ ಒಂದು ಗಂಟೆಯಲ್ಲಿ ಹನ್ನೆರಡರಲ್ಲಿ ಒಂಬತ್ತು ಸುಟ್ಟುಹೋದವು. ಎಸ್ಟೇಟು ಕೂಲಿಗಳ ಮೂರು ಲೈನ್ ಮನೆಗಳ ಜನ ಎಲ್ಲಿದ್ದಾರೆ, ಬದುಕಿದ್ದಾರೋ ಇಲ್ಲವೋ ಎಂದು ತಿಳಿಯಲು ಒಂದೂವರೆ ದಿನ ಬೇಕಾಯಿತು. ಬದುಕಿದ್ದರು. ಶಾಲೆಯ ಮಾಡಿನ ಮೇಲೆ ಮಕ್ಕಳನ್ನು ಹೊತ್ತು ನೆನೆಯುತ್ತ ನಿಂತಿದ್ದರು.

ಆಮೇಲೆ ಸನ್ಮಾನವಾಯಿತು. ಕ್ಲಬ್ಬಿನವರಿಗೆ ಶಾಲು ಹೊದಿಸಿದರು. ಅಚ್ಚಾದ ವರದಿಯ ಆರನೇ ಪುಟದಲ್ಲಿ, ಸೆಟ್ಟುಗಳು ಕೆಟ್ಟದ್ದಕ್ಕೆ ಕಾರಣ ಹೇಳುವಾಗ, ಒಂದು ಸಾಲು: "ಸ್ಥಳೀಯ ಹೆಂಗಸೊಬ್ಬಳಿಂದ ಮಾಡಿಸಿದ ದೋಷಯುಕ್ತ ವೈಂಡಿಂಗ್." ಲಕ್ಷ ಕಾಯಿಲು ಸುತ್ತಿದವರ ಬಗ್ಗೆ ಅಚ್ಚಾದ ಮೊದಲ ಸಾಲು ಅದು. ಅದರಲ್ಲೂ ಹೆಸರಿಲ್ಲ.

ಸುಟ್ಟ ಸೆಟ್ಟುಗಳಲ್ಲಿ ಒಂದನ್ನು ಮರುದಾಚಲಂ ಕೇಳಿ ಪಡೆದು ಪೂವಾತ್ತಾಳರ ಮುಂದಿಟ್ಟರು. ಅವರು ತಿರುಗಿಸಿ ನೋಡಿದರು. ತೂತಿನ ಒಳಗೆ ನಾಲ್ಕು ತಂತಿ. ಮೂರು ಬಿಗಿಯಾಗಿ, ಒಂದರ ಪಕ್ಕ ಒಂದು. ನಾಲ್ಕನೆಯದು ಸಡಿಲ. "ಇದು ನನ್ನ ಕೈಯಲ್ಲ," ಎಂದರು.

ಇಂಥ ಬಿಲ್ಲೆಗೆ ಸುತ್ತಿದ್ದನ್ನು ಎಣಿಸುವುದು ಒಳಗಿನಿಂದ. ತಂತಿ ತೂತಿನೊಳಗೆ ಎಷ್ಟು ಸಲ ಹಾದಿದೆಯೋ ಅಷ್ಟು ಸುತ್ತು. ಹೊರಗಿನಿಂದ ಎಣಿಸಿದರೆ ಒಂದು ಕಡಿಮೆ ಕಾಣುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬಂದ ಎಲ್ಲರೂ ಮೊದಲ ವಾರ ಮಾಡುವ ತಪ್ಪು ಇದು. ಒಂದು ಸುತ್ತು ಹೆಚ್ಚಾದರೆ ಟ್ರಾನ್ಸಿಸ್ಟರು ತಾಳಲಾರದಷ್ಟು ಕರೆಂಟು ಎಳೆಯುತ್ತದೆ. ಒಂದು ನಿಮಿಷ ಮಾತಾಡಿದರೆ ಗೊತ್ತಾಗುವುದಿಲ್ಲ. ಬಿಡದೆ ಮಾತಾಡಿದರೆ ಸುಡುತ್ತದೆ.

ಆ ಭಾನುವಾರ ಪೂವಾತ್ತಾಳ್ ಕ್ಲಬ್ಬಿಗೆ ಹೋದರು. ಜೊತೆಗೆ ಮರುದಾಚಲಂ ಇದ್ದರು. ಕಾರ್ಯದರ್ಶಿ ಜಗದೀಶ್ವರನ್ ಇಂಜಿನಿಯರ್. ಅವರು ಏನನ್ನೂ ಮುಚ್ಚಿಡಲಿಲ್ಲ.

"ನೀನು ಕೊಟ್ಟಿದ್ದರಲ್ಲಿ ಒಂದೊಂದು ಸುತ್ತು ಕಡಿಮೆ ಇತ್ತಮ್ಮ. ನಾನೇ ಕೂತು ಹನ್ನೆರಡಕ್ಕೂ ಸೇರಿಸಿದೆ. ತುದಿ ಉದ್ದ ಬಿಟ್ಟಿದ್ದೆಯಲ್ಲ, ಅದನ್ನೇ ಇನ್ನೊಂದು ಸಲ ತೂರಿಸಿದೆ. ಆದ್ರೂ ನಿನ್ನ ಕೆಲಸ ನಿಲ್ಲಲಿಲ್ಲ. ಒಂದು ಸುತ್ತು ಕದ್ದರೆ ನಿನಗೇನು ಸಿಗುತ್ತೆ?"

"ಹನ್ನೆರಡು ಸುತ್ತು ಬಿಚ್ಚಿ ಉದ್ದಕ್ಕೆ ಹಿಡಿದ್ರೂ ನನ್ನ ಒಂದು ಮೊಳ ಆಗಲ್ಲ ಸಾರ್. ಅದನ್ನ ಕದ್ದು ನಾನೇನು ತಾಳಿ ಮಾಡಿಸ್ಕೊಳ್ಳಲಾ? ಒಳಗಿಂದ ಎಣಿಸಿ ಸಾರ್."

"ನನಗೆ ಪಾಠ ಹೇಳ್ತೀಯಾ? ನಾನು ಇಂಜಿನಿಯರ್."

"ನೀವು ಇಂಜಿನಿಯರೇ ಸಾರ್, ಯಾರು ಇಲ್ಲ ಅಂದ್ರು? ಎಣಿಸಿದ್ದೊಂದೇ ತಪ್ಪು."

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಆ ನಗುವಿಗೇ ಕೆಲಸ ಕೆಟ್ಟಿತು ಎಂದು ಮರುದಾಚಲಂ ಈಗ ಹೇಳುತ್ತಾರೆ. ಜಗದೀಶ್ವರನ್ ಎದ್ದು ನಿಂತರು. "ನಿನ್ನ ಹತ್ರ ಲೈಸೆನ್ಸ್ ಇದೆಯಾ? ಇಲ್ಲ ಅಲ್ವಾ? ಹಾಗಾದ್ರೆ ಸೆಟ್ಟಿನ ಮಾತು ಆಡಬೇಡ. ಅದನ್ನ ಬಿಚ್ಚಿ ನೋಡೋಕೂ ನಿನಗೆ ಹಕ್ಕಿಲ್ಲ. ಕಂಪ್ಲೇಂಟ್ ಕೊಟ್ರೆ ಗೊತ್ತಾಗುತ್ತೆ."

ಕೋಣೆಯಲ್ಲಿ ಕಾರ್ಯದರ್ಶಿಯನ್ನು ಬಿಟ್ಟು ಹದಿನೇಳು ಮಂದಿ ಪರವಾನಗಿ ಇದ್ದವರಿದ್ದರು. ಅವರಲ್ಲಿ ಹೆಚ್ಚಿನವರ ಸೆಟ್ಟಿನೊಳಗೆ ಪೂವಾತ್ತಾಳರ ಕಾಯಿಲು ಇದೆ. ಒಳಗಿನಿಂದ ಎಣಿಸಬೇಕೆಂಬುದು ಆ ಹದಿನೇಳು ಮಂದಿಗೂ ಗೊತ್ತು. ಮರುದಾಚಲಂ ಒಬ್ಬರು ಬಾಯಿ ತೆರೆದರು. ಉಳಿದ ಹದಿನಾರು ಮಂದಿ ಚಹಾ ಕುಡಿದರು.

ವರದಿಯ ಸಾಲು ಇವತ್ತಿಗೂ ಹಾಗೆಯೇ ಇದೆ. ತಿದ್ದುಪಡಿ ಹಾಕಬಾರದೇ ಎಂದು ಕೇಳಿದರೆ ಜಗದೀಶ್ವರನ್ ಸೌಜನ್ಯದಿಂದಲೇ ಉತ್ತರಿಸುತ್ತಾರೆ: "ಅದೆಲ್ಲ ಹಳೇ ವಿಷಯ. ಒಂದು ಸುತ್ತು ಹೆಚ್ಚೋ ಕಡಿಮೆಯೋ, ಈಗ ಯಾಕೆ? ಆ ಅಮ್ಮನ ಮೇಲೆ ನಮಗೇನೂ ಕೋಪ ಇಲ್ಲ." ಕೋಪ ಪಡುವ ಸರದಿ ಯಾರದೆಂಬುದು ಅವರಿಗೆ ಇನ್ನೂ ಹೊಳೆದಿಲ್ಲ. ಆ ಸಾಲು ಓದಿದವರು ಬಿಲ್ಲೆ ಕಳಿಸುವುದನ್ನು ನಿಲ್ಲಿಸಿದರು. ಮೊದಲು ಭಾನುವಾರಕ್ಕೆ ಅರವತ್ತು ಇದ್ದದ್ದು ಕೆಲವು ತಿಂಗಳು ಆರೇಳಕ್ಕೆ ಇಳಿಯಿತು. ಈಗ ಒಬ್ಬೊಬ್ಬರಾಗಿ ಮರಳುತ್ತಿದ್ದಾರೆ. ಆದರೆ ಬಂದವರು ಕಾಯಿಲನ್ನು ಕಣ್ಣಿನ ಹತ್ತಿರ ಹಿಡಿದು, ಅವರ ಎದುರಿಗೇ, ಎಣಿಸಿ ನೋಡುತ್ತಾರೆ. ಕೆಲವರು ಹೊರಗಿನಿಂದ.

ಕ್ಲಬ್ಬಿನಿಂದ ಮನೆಗೆ ಬರುವ ಬಸ್ಸಿನಲ್ಲೇ ಪೂವಾತ್ತಾಳ್ ಕೇಳಿದರಂತೆ, "ಅಣ್ಣಾ, ಆ ಲೈಸೆನ್ಸಿಗೆ ಎಷ್ಟು ಓದಿರಬೇಕು?"

"ಎಷ್ಟೂ ಬೇಡ. ಪರೀಕ್ಷೆ ಪಾಸಾದ್ರೆ ಸಾಕು. ಎರಡು ಭಾಗ. ಒಂದು ಎಲೆಕ್ಟ್ರಾನಿಕ್ಸು, ಒಂದು ಕಾನೂನು."

"ಮೊದಲನೇದು ಬಿಡಿ. ಎರಡನೇದು ಹೇಳಿಕೊಡ್ತೀರಾ?"

ಪುಸ್ತಕ ಇಂಗ್ಲಿಷಿನಲ್ಲಿತ್ತು. ಮರುದಾಚಲಂ ವಾರಕ್ಕೆ ಮೂರು ಸಂಜೆ ಬಂದು ತಮಿಳಿನಲ್ಲಿ ಬಿಡಿಸಿ ಹೇಳುತ್ತಾರೆ. ಅವರಿಗೆ ಎಪ್ಪತ್ತೊಂಬತ್ತು. ಸಂದಗೆ ಎಂಬ ಒತ್ತುಶ್ಯಾವಿಗೆಯೂ ತೆಂಗಿನಹಾಲೂ ಅವರ ಸಂಬಳ. ಪೂವಾತ್ತಾಳ್ ಒಂದು ಮೋಟಾರಿಗೆ ಒಂದು ನಿಯಮ ಎಂದು ಗೊತ್ತುಮಾಡಿಕೊಂಡಿದ್ದಾರೆ. ನಿಯಮ ಬರೆದ ಚೀಟಿಯನ್ನು ಮೋಟಾರಿನ ಮೈಗೆ ಅಂಟಿಸುತ್ತಾರೆ. ಸುತ್ತಿ ಮುಗಿಯುವಷ್ಟರಲ್ಲಿ ಬಾಯಿಪಾಠವಾಗಿರಬೇಕು. ಮರೆತು ಹಾಗೇ ಬಿಟ್ಟ ಒಂದು ಚೀಟಿಯ ಜೊತೆ ಒಂದು ಪಂಪು ಪೊಳ್ಳಾಚಿಯ ತೋಟಕ್ಕೆ ಹೋಗಿಬಿಟ್ಟಿತು. ಇದೇನು ಗ್ಯಾರಂಟಿ ಕಾರ್ಡೇ ಎಂದು ತೋಟದವರು ಫೋನು ಮಾಡಿ ಕೇಳಿದರು. ವರ್ಕ್‌ಶಾಪಿನಲ್ಲಿ ಅದಿನ್ನೂ ನಗೆಯ ಮಾತು.

ಹ್ಯಾಮ್‌ಗಳಿಗೆ ಮೂರಕ್ಷರದ ಸಂಕೇತಗಳಿವೆ. ಅವೇ ಬಹಳ ಕಷ್ಟ ಎನ್ನುತ್ತಾರೆ ಪೂವಾತ್ತಾಳ್. "ಕ್ಯೂ ಆರ್ ಎಂ ಅಂದ್ರೆ ಪಕ್ಕದವರ ಗಲಾಟೆ. ಇದೊಂದು ಮಾತ್ರ ಒಂದೇ ಸಲಕ್ಕೆ ತಲೆಗೆ ಹತ್ತಿತು." ಹೇಳುವಾಗ ಎದುರು ಮನೆಯ ಕಡೆ ಕಣ್ಣು ಹೋಗುತ್ತದೆ.

ಅರ್ಜಿ ಕೊಡಲು ಹೋದಾಗ ಕಿಟಕಿಯ ಆಚೆಗಿದ್ದವರು ಅದನ್ನು ಎರಡು ಸಲ ಹಿಂತಿರುಗಿಸಿದರು. ಒಮ್ಮೆ ಉದ್ಯೋಗದ ಕಾಲಮ್ಮಿನಲ್ಲಿದ್ದ ಮೋಟಾರ್ ರಿವೈಂಡಿಂಗ್ ನೋಡಿ. "ಇದು ಹವ್ಯಾಸಿಗಳಿಗೆ ಅಮ್ಮಾ. ಮಗನಿಗೆ ಬರೀತಿದೀರಾ?" ಎಂದರು. "ಮಗ ಪರೀಕ್ಷೆ ಬರೆದ್ರೆ ನನ್ನ ಕೈಗೆ ಲೈಸೆನ್ಸ್ ಕೊಡ್ತೀರಾ ಸಾಮಿ?" ಎಂದು ಇವರು ಕೇಳಿದರು. ಇನ್ನೊಮ್ಮೆ ತರಬೇತಿಯ ಪತ್ರಕ್ಕೆ. ಕ್ಲಬ್ಬು ಕೊಡಲಿಲ್ಲ. ಮರುದಾಚಲಂ ತಾವೇ ಬರೆದುಕೊಟ್ಟರು.

ಕಳೆದ ವರ್ಷದ ಪರೀಕ್ಷೆಯಲ್ಲಿ ಪೂವಾತ್ತಾಳರಿಗೆ ಎಲೆಕ್ಟ್ರಾನಿಕ್ಸಿನಲ್ಲಿ ಎಂಬತ್ತೆಂಟು. ಆ ಕೇಂದ್ರದಲ್ಲಿ ಅದೇ ಎಲ್ಲರಿಗಿಂತ ಹೆಚ್ಚು. ಕಾನೂನಿನಲ್ಲಿ ಮೂವತ್ತೆಂಟು. ಎರಡು ಅಂಕಕ್ಕೆ ಹೋಯಿತು. "ಪರವಾನಗಿ ಇಲ್ಲದೆ ಪ್ರಸಾರ ಮಾಡಿದ್ರೆ ಏನಾಗುತ್ತೆ ಅಂತ ಒಂದು ಪ್ರಶ್ನೆ ಇತ್ತು," ಎನ್ನುತ್ತಾರೆ. "ಅದಕ್ಕೆ ಮಾತ್ರ ಯೋಚನೆ ಮಾಡಲಿಲ್ಲ. ನೇರ ಮುಖಕ್ಕೆ ಹೇಳಿಸ್ಕೊಂಡಿದ್ದೆನಲ್ಲ."

ಮುಂದಿನ ಪರೀಕ್ಷೆಗೆ ಇನ್ನು ಮೂರು ವಾರ. ಹಾಲ್ ಟಿಕೆಟ್ ಬಂದಿದೆ. ಈ ಸಲವೂ ಹೋದರೆ? ಮೂರನೇ ಸಲ ಬರೆಯುತ್ತಾರಂತೆ. ಕಣ್ಣು ಇರುವವರೆಗೆ ಎನ್ನುತ್ತಾರೆ. ವೈದ್ಯರು ಹೇಳಿರುವ ಪ್ರಕಾರ ಅದು ಬಹಳ ವರ್ಷವಲ್ಲ. ಸಣ್ಣ ತಂತಿ ಈಗಲೇ ಎರಡೆರಡಾಗಿ ಕಾಣುತ್ತದೆ. ಅವರು ಬೆರಳಿನಲ್ಲಿ ಎಣಿಸುತ್ತಾರೆ.

ಪಾಸಾದರೆ ಸೆಟ್ಟು ಕೊಳ್ಳುವುದಿಲ್ಲ, ತಾವೇ ಕಟ್ಟುತ್ತಾರೆ. ಕಾಯಿಲಿಗೆ ಮೂರೇ ಸುತ್ತು. ಮೊದಲ ಸಲ ಗುಂಡಿ ಒತ್ತಿದಾಗ ಏನು ಹೇಳುತ್ತೀರಿ ಎಂದು ಕೇಳಿದರೆ ತಂತಿಯನ್ನು ಕೆಳಗಿಡುತ್ತಾರೆ.

"ಹೇಳೋದೇನಿದೆ ಕಂದಾ. ಕೇಳ್ತೀನಿ. ಹೇಗೆ ಕೇಳಿಸ್ತಿದೆ ಅಂತ ಕೇಳೋದು ಅವರಲ್ಲಿ ಪದ್ಧತಿ. ಆಚೆ ಕಡೆಯವರು ಅಂಕ ಹೇಳಬೇಕು. ಮಾತು ಎಷ್ಟು ಸ್ಪಷ್ಟ, ಎಷ್ಟು ಜೋರು ಅಂತ. ಎಲ್ಲರೂ ಕೇಳಿಸ್ಕೊಳ್ತಾ ಇರ್ತಾರೆ, ಸುಳ್ಳು ಹೇಳೋಕಾಗಲ್ಲ. ನೀನು ಎಷ್ಟು ಓದಿದೀಯ, ಯಾರ ಮನೆಯವಳು, ಯಾರೂ ಕೇಳಲ್ಲ. ಅರ್ಧ ಗಂಟೆ ಬಿಡದೆ ಮಾತಾಡ್ತೀನಿ. ಸುಡುತ್ತಾ ನೋಡಲಿ."

ಆ ಹೊತ್ತಿಗೆ ಉತ್ತರ ಕೊಡುವವರು ಜಗದೀಶ್ವರನ್ ಅವರೇ ಆಗಿದ್ದರೆ?

ಪೂವಾತ್ತಾಳ್ ತಂತಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ.

"ಇನ್ನೂ ಒಳ್ಳೇದಾಯ್ತು. ಅಂಕ ಅವರ ಬಾಯಲ್ಲೇ ಬರಲಿ."