ಬರಗಾಲದಲ್ಲಿ ದಪ್ಪಗಾಗುವ ಊರು

ಬರ ಬಿದ್ದರೆ ಜನ ಸೊರಗುತ್ತಾರೆ ಎಂಬುದು ನೀವೂ ನಾನೂ ಕೇಳುತ್ತ ಬಂದ ಮಾತು. ಬೀದರಿನ ನಮ್ಮ ಕಾಲೇಜಿನ ಕಂಪ್ಯೂಟರ್ ಅದನ್ನು ಒಪ್ಪಲಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲೆಲ್ಲ ಔರಾದ ತಾಲೂಕಿನವರು ದಪ್ಪಗಾಗುತ್ತಾರೆ ಎಂದು ಗೆರೆ ಎಳೆದು ತೋರಿಸಿತು. ಯಂತ್ರಕ್ಕೆ ಹೊಟ್ಟೆಯಿಲ್ಲ, ಆದ್ದರಿಂದ ಪಕ್ಷಪಾತವೂ ಇಲ್ಲ ಎನ್ನುವವರೆಲ್ಲ ತಲೆದೂಗಿದರು. ನಾನು ತೂಗಲಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ಕುತ್ತಿಗೆ ಅಷ್ಟು ಸಲೀಸಾಗಿ ಬಾಗುವುದಿಲ್ಲ.

ಯಂತ್ರದ ಮೇಲೆ ನನಗೆ ಹಗೆಯಿಲ್ಲ, ಸ್ನೇಹಿತರೇ. ಅದರೊಳಗೊಂದು ಹುಸಿ ಊರು ಕಟ್ಟುತ್ತಾರೆ. ಅಲ್ಲಿಯ ಹುಸಿ ಮಂದಿ ಉಣ್ಣುತ್ತಾರೆ, ನಡೆಯುತ್ತಾರೆ, ವರ್ಷ ಉರುಳಿದಂತೆ ತೂಕ ಏರಿಸಿ ಇಳಿಸುತ್ತಾರೆ. ಎಣ್ಣೆತಿಂಡಿಗೆ ತೆರಿಗೆ ಹಾಕಿದರೆ ಬೊಜ್ಜು ಕರಗೀತೇ, ಶಾಲೆಗೊಂದು ಮೈದಾನ ಕೊಟ್ಟರೆ ಕರಗೀತೇ ಎಂದು, ನಿಜದ ಮಂದಿಯನ್ನು ನೋಯಿಸದೆ, ಅಲ್ಲಿ ಪರೀಕ್ಷಿಸಬಹುದು. ಚೆಲುವಾದ ಉಪಾಯವೇ. ಆದರೆ ಚರ್ಚೆಯಲ್ಲಿ ಮೊದಲ ಮಾತನ್ನು ಎದುರಾಳಿ ಒಪ್ಪಿಬಿಟ್ಟರೆ ಮಿಕ್ಕದ್ದೆಲ್ಲ ಇಳಿಜಾರು. ಕಂಪ್ಯೂಟರ್ ಎಂಬುದು ಎಲ್ಲ ಮೊದಲ ಮಾತುಗಳನ್ನೂ ಒಪ್ಪಿಬಿಡುವ ಎದುರಾಳಿ.

ಇಲ್ಲಿ ಮೊದಲ ಮಾತು ಒಂದು ಹಬ್ಬದಿಂದ ಬಂತು. ಆ ಹುಸಿ ಊರನ್ನು ಕಟ್ಟಿದ ನಮ್ಮ ಸರ್ ಈ ಕಡೆಯವರೇ, ಭಾಲ್ಕಿಯವರು. ಹೊರಗಿನವರಾಗಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಎಳ್ಳಮಾವಾಸ್ಯೆಗೆ ನಮ್ಮ ಕಡೆಯವರು ಎಲ್ಲಿದ್ದರೂ ಊರಿಗೆ ಬಂದು, ಕಾಳು-ಪಲ್ಯ ಬೆರೆಸಿದ ಭಜ್ಜಿ, ಸಜ್ಜೆರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಮೊದಲ ತುತ್ತಿನ ಚರಗ ಚೆಲ್ಲಿ ಉಣ್ಣುತ್ತಾರೆ. ಊರಿಗೆ ಊರೇ ಸಿಗುವ ಹೊತ್ತು ಅದೊಂದೇ ಎಂದು ಬಲ್ಲ ಸರ್ ಪ್ರತಿವರ್ಷ ಹಬ್ಬದ ಮರುದಿನವೇ ನಮ್ಮಂಥ ವಿದ್ಯಾರ್ಥಿಗಳಿಂದ ಜನರ ತೂಕ ತೆಗೆಸುತ್ತಿದ್ದರು. ಬೆಳೆಯೇ ನಿಲ್ಲದ ವರ್ಷ ಚರಗ ಯಾವುದಕ್ಕೆ? ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವರು, ಹೈದರಾಬಾದಿನಲ್ಲಿ ಇಟ್ಟಿಗೆ ಹೊರುವವರು ಬರಲಿಲ್ಲ. ತೂಕದ ಯಂತ್ರ ಏರಿದ್ದು ಅಂಗಡಿಯವರು, ನೌಕರಿಯವರು, ಟ್ರ್ಯಾಕ್ಟರ್ ಉಳ್ಳವರು. ತೆಳ್ಳಗಿನವರೆಲ್ಲ ಎದ್ದುಹೋದ ಊರು ತಾನಾಗಿಯೇ ದಪ್ಪಗಾಯಿತು.

ಇಷ್ಟಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಗುಳೆ ಹೋದವರು ಬಂಧುಗಳ ಮನೆಯಲ್ಲಿ ಬಿಟ್ಟುಹೋದ ಮಕ್ಕಳಿಗಾಗಿ ಬರದ ವರ್ಷಗಳಲ್ಲಿ ಮಾತ್ರ ಸರ್ಕಾರದವರು ಸಂಜೆಯ ಅಡುಗೆಮನೆ ತೆರೆಯುತ್ತಾರೆ. ಅಲ್ಲಿ ಊಟದ ಜೊತೆ ಶೇಂಗಾ ಉಂಡೆ ಕೊಡುತ್ತಾರೆ. ಅಡುಗೆಮನೆ ತೆರೆದ ವರ್ಷವೇ ತೂಕವೂ ಏರಿದ್ದರಿಂದ ಸರ್ ಎರಡಕ್ಕೂ ಗಂಟು ಹಾಕಿದರು. ಹುಸಿ ಊರಿನಲ್ಲಿ ಉಂಡೆ ನಿಲ್ಲಿಸಿದಾಗ ಗೆರೆ ಇಳಿಯಿತು. ಇನ್ನು ನಿಜದ ಊರಿನಲ್ಲೂ ನಿಲ್ಲಿಸಿರೆಂದು ಅಧಿಕಾರಿಗಳಿಗೆ ಶಿಫಾರಸು.

ಠಾಣಾ ಕುಶನೂರಿನಲ್ಲಿ ಆ ಉಂಡೆ ಕಟ್ಟುವವರಲ್ಲಿ ನನ್ನ ಚಿಗವ್ವನೂ ಒಬ್ಬಳು. ಸುದ್ದಿ ಹೇಳಿದರೆ ಬೆಲ್ಲದ ಕೈಯಲ್ಲೇ ಹಣೆ ಬಡಿದುಕೊಂಡಳು.

"ನಿಮ್ಮ ಆ ಡಬ್ಬಿ ಒಂದಿನಾರ ಉಪಾಸ ಬಿದ್ದದೇನವಾ? ನಿಮ್ಮ ಸರ್‌ಗ ಹೇಳು, ಈ ಪೋರಗೋಳ ಪಕ್ಕೆಲುಬ ಎಣಿಸ್ಲಿಕ್ಕ ಕಂಪ್ಯೂಟರ್ ಬ್ಯಾಡ. ಅಂಗಿ ಎತ್ತಿದ್ರ ಸಾಕು."

ಮರುದಿನ ಬೀಗ ಬಿದ್ದ ಮನೆಗಳವರನ್ನೂ ಹುಸಿ ಊರಿಗೆ ಸೇರಿಸಿ ಯಂತ್ರ ಓಡಿಸಿದೆ. ಮಳೆಯಾದ ವರ್ಷಗಳ ಹಬ್ಬದಲ್ಲಿ ತೆಗೆದ ಅವರ ತೂಕ ನಮ್ಮಲ್ಲೇ ಇತ್ತು. ಏರಿದ್ದ ಗೆರೆ ಅಂಗಾತ ಮಲಗಿತು. ಸರ್ ಕನ್ನಡಕ ಒರೆಸಿಕೊಂಡರು.

"ಇಲ್ಲದವರನ್ನ ಹ್ಯಾಂಗ ಹಿಡೀಲಿಕ್ಕ ಬರ್ತದವ್ವಾ? ಈ ವರ್ಷದ ತೂಕ ಎಲ್ಲದ? ನಾ ಹೇಳ್ಲತ್ತಿಲ್ಲ, ಮಾಡೆಲ್ ಹೇಳ್ಲತ್ತದ."

"ಮಾಡೆಲ್‌ಗ ಹೇಳಿಕೊಟ್ಟವರು ಯಾರ್ರಿ ಸರ್?"

"ನಿನ್ನ ಬಾಯಿ ಭಾಳ ಜೋರದ" ಎಂದು ನಕ್ಕರು. ಕೆಟ್ಟವರಲ್ಲ, ತಾವು ಕಟ್ಟಿದ ಊರಿನ ಮೇಲೆ ಅವರಿಗೆ ಮೋಹ. ನಿಜದ ಊರು ಎದುರಾಡುತ್ತದೆ, ಬೀಗ ಹಾಕಿ ಎದ್ದುಹೋಗುತ್ತದೆ. ಕಟ್ಟಿದ ಊರು ಹೇಳಿದಲ್ಲಿ ಕೂತಿರುತ್ತದೆ. ನೀತಿ ಮಾಡುವವರಿಗೆ ಕೂತಿರುವ ಊರೇ ಇಷ್ಟವಾಗುವುದರಲ್ಲಿ ಆಶ್ಚರ್ಯವೇನು? ಆದರೆ ಗೈರುಹಾಜರಿಯೂ ಒಂದು ತೂಕ. ಅದನ್ನು ತೂಗದ ತಕ್ಕಡಿ ಎಷ್ಟು ಹೊಸದಾದರೇನು?

ಬೀದರಿನ ಸಭೆಯಲ್ಲಿ ಅಧಿಕಾರಿಗಳು ಕೂತಿದ್ದರು. ಪರದೆಯ ಮೇಲೆ ಸರ್ ತೋರಿಸಿದ್ದು ಹಳೆಯ ಗೆರೆಯನ್ನೇ. ಕೊನೆಯ ಸಾಲಿನಿಂದ ಎದ್ದು ನಿಂತೆ. ವೇದಿಕೆಯ ಕನ್ನಡ ಗಂಟಲಲ್ಲೇ ಉಳಿದು, ಮನೆಯದೇ ಹೊರಬಂತು:

"ಸರ್, ಈ ಗೆರಿ ಮ್ಯಾಲ ಏರ್ಲಿಕ್ಕ ಊರಾಗ ಯಾರೂ ಒಂದು ತುತ್ತು ಜಾಸ್ತಿ ತಿನ್ನಬೇಕಾಗಿಲ್ರಿ, ಬಡವರು ಎದ್ದುಹೋದ್ರ ಸಾಕು. ಇದು ನಿಮಗ ಗೊತ್ತದ. ಗೊತ್ತಿದ್ದೂ ಹೋದವರ ಮಕ್ಕಳ ಕೈಯಾಗಿನ ಉಂಡಿ ಯಾಕ ಕಸೀತೀರಿ?"